ಮನೆ ರಿಪೇರಿ ಎಸ್ಟಿಮೇಟ್‌ನಲ್ಲಿ ಊರಿಗೆ ತಕ್ಕ ದರ: ಪ್ರೈಸ್ ಲಿಸ್ಟ್ ಆರಿಸುವುದರಿಂದ ಸಪ್ಲಿಮೆಂಟ್‌ವರೆಗೆ

ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಕೋಣೆ. ನೀರು ನುಗ್ಗಿದೆ, ಗೋಡೆಯ ಡ್ರೈವಾಲನ್ನು (ಜಿಪ್ಸಮ್ ಹಲಗೆ) ನೆಲದಿಂದ ಎರಡಡಿ ಎತ್ತರದವರೆಗೆ ಕತ್ತರಿಸಿ ತೆಗೆದು ಹೊಸದು ಕೂರಿಸಬೇಕು. ಸುತ್ತಳತೆ 52 ಅಡಿ, ಅಂದರೆ 104 ಚದರಡಿ ಕೆಲಸ. ಮನೆ ಹ್ಯೂಸ್ಟನ್‌ನಲ್ಲಿದ್ದರೂ 104, ಲಾಸ್ ಏಂಜಲೀಸ್‌ನಲ್ಲಿದ್ದರೂ 104. ಆದರೆ ಎರಡೂ ಊರಿನ ಎಸ್ಟಿಮೇಟ್ ಪಕ್ಕಪಕ್ಕದಲ್ಲಿಟ್ಟರೆ ಮೊತ್ತ ಒಂದೇ ಬರುವುದಿಲ್ಲ, ಬರಲೂ ಬಾರದು. ಅಳತೆ ಮನೆಯದು, ದರ ಊರಿನದು.

ಅಮೆರಿಕದ ವಿಮಾ ಕ್ಲೇಮುಗಳಿಗೆ ಎಸ್ಟಿಮೇಟ್ ಬರೆಯುವವರು ಅಳತೆಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ದರಕ್ಕೆ ಕೊಡುವುದಿಲ್ಲ. ಸ್ಕೆಚ್ (ಅಳತೆ ಸಹಿತ ಮನೆಯ ನಕ್ಷೆ) ಇಂಚಿಂಚೂ ಸರಿಯಿರುತ್ತದೆ, ಪ್ರೈಸ್ ಲಿಸ್ಟ್ ಮಾತ್ರ ಸಾಫ್ಟ್‌ವೇರ್ ಹಾಕಿದ್ದೇ ಇರುತ್ತದೆ. ತಪ್ಪು ಲಿಸ್ಟಿನ ಪೆಟ್ಟು ಬೀಳುವುದು ಮನೆ ಕಳೆದುಕೊಂಡು ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ದಿನ ದೂಡುತ್ತಿರುವ ಕುಟುಂಬಕ್ಕೆ. ದರ ಕಡಿಮೆಯಾದರೆ ಅವರ ಜೇಬಿನಿಂದ ಹೋಗುತ್ತದೆ. ಹೆಚ್ಚಾದರೆ ವಿಮಾ ಕಂಪನಿ ತಕರಾರು ತೆಗೆದು ಕ್ಲೇಮು ವಾರಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಈ ಕೆಲಸವನ್ನು ನಾನು ಮಾಡುವ ಕ್ರಮವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಈ ಲಿಸ್ಟ್ ಎಂದರೇನು

ಎಸ್ಟಿಮೇಟ್ ಬರೆಯುವ ಸಾಫ್ಟ್‌ವೇರುಗಳಲ್ಲಿ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಕ್ಸಾಕ್ಟಿಮೇಟ್. ಪ್ರೈಸ್ ಲಿಸ್ಟ್ ಬರುವುದು ಅದರ ಜೊತೆಗೇ. ಇದನ್ನು ಮಾಡಿದ ಎಕ್ಸಾಕ್ಟ್‌ವೇರ್ 1986ರಲ್ಲಿ ಯೂಟಾ ರಾಜ್ಯದಲ್ಲಿ ಶುರುವಾಯಿತು. 2006ರಲ್ಲಿ ಈಗಿನ ವೆರಿಸ್ಕ್ ಸಮೂಹದ ಪಾಲಾಯಿತು. ಹಿಂದೆ ಕೋರ್‌ಲಾಜಿಕ್ ಆಗಿದ್ದು 2025ರಲ್ಲಿ ಕೊಟಾಲಿಟಿ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ಸಾಫ್ಟ್‌ವೇರ್ ಬಳಸುವವರೂ ಇದ್ದಾರೆ. ಪರದೆ ಬೇರೆ, ತತ್ವ ಒಂದೇ. ನಾನು ಎಕ್ಸಾಕ್ಟಿಮೇಟ್ ಹಿಡಿದೇ ಹೇಳುತ್ತೇನೆ.

ಅಮೆರಿಕ ಮತ್ತು ಕೆನಡಾವನ್ನು 460ಕ್ಕೂ ಹೆಚ್ಚು ದರ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ತಿಂಗಳಿಗೊಂದು ಲಿಸ್ಟ್ ಹೊರಡಿಸುತ್ತಾರೆ. ಕಾಂಟ್ರ್ಯಾಕ್ಟರುಗಳು, ಸಾಮಾನು ಮಾರುವವರು ಕೊಟ್ಟ ದರ, ನಿಜವಾಗಿ ನಡೆದ ಕೆಲಸದ ಲೆಕ್ಕ, ಇವೆಲ್ಲ ಸೇರಿ ಆ ಅಂಕಿ ಹುಟ್ಟುತ್ತದೆ. ಅಂದರೆ ಲಿಸ್ಟಿನಲ್ಲಿರುವುದು ಒಂದು ವಲಯದಲ್ಲಿ, ಒಂದು ತಿಂಗಳಲ್ಲಿ, ಸಾಧಾರಣ ಪರಿಸ್ಥಿತಿಯಲ್ಲಿ ನಡೆದಿದ್ದ ದರ. ನಿಮ್ಮ ಮುಂದಿರುವ ಈ ಮನೆಯನ್ನು ಆ ಲಿಸ್ಟ್ ಮಾಡಿದವರು ಯಾರೂ ನೋಡಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದ ಹೊರಟವು.

ಹೆಜ್ಜೆ 1: ನಷ್ಟವಾದ ಜಾಗದ ವಿಳಾಸ ಹಾಕಿ

ಕ್ಲೇಮಿನಲ್ಲಿ ಒಂದಕ್ಕಿಂತ ಹೆಚ್ಚು ವಿಳಾಸ ಇರುತ್ತವೆ. ಪಾಲಿಸಿದಾರರಿಗೆ ಪತ್ರ ಹೋಗುವ ವಿಳಾಸ, ಕಾಂಟ್ರ್ಯಾಕ್ಟರ್ ಆಫೀಸಿನದು, ಹಾನಿಯಾದ ಮನೆಯದು. ದರ ನಿಲ್ಲಬೇಕಾದದ್ದು ಕೊನೆಯದರ ಮೇಲೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಬಾಡಿಗೆ ಮನೆಯೊಂದರ ಕ್ಲೇಮಿಗೆ ಮಾಲೀಕರ ಪತ್ರ ವಿಳಾಸ ಹಾಕಿಬಿಟ್ಟೆ. ಅವರಿದ್ದದ್ದು ಬೇರೆ ರಾಜ್ಯದಲ್ಲಿ. ಎಸ್ಟಿಮೇಟಿನ ಒಂದೊಂದು ಸಾಲೂ ತಪ್ಪು ಊರಿನ ಕೂಲಿಯಲ್ಲಿ ಲೆಕ್ಕವಾಗಿತ್ತು. ಅಡ್ಜಸ್ಟರ್ (ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವವರು) ವಾಪಸ್ ಕಳಿಸಿದರು, ತಿದ್ದಿ ಮತ್ತೆ ಒಪ್ಪಿಗೆ ಪಡೆಯುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಅಷ್ಟು ದಿನ ಬಾಡಿಗೆದಾರರು ಹೊರಗಿದ್ದರು. ಅಂದಿನಿಂದ ಫೈಲ್ ತೆರೆದ ಕೂಡಲೇ ನಾನು ನೋಡುವುದು ಈ ಸಾಲನ್ನೇ.

ಜಿಪ್ ಕೋಡ್ ಕೊಟ್ಟರೆ ಸಾಫ್ಟ್‌ವೇರ್ ತಾನೇ ಲಿಸ್ಟ್ ಸೂಚಿಸುತ್ತದೆ. ಆ ಸೂಚನೆಯನ್ನು ಒಮ್ಮೆ ನಕ್ಷೆಯ ಜೊತೆ ತಾಳೆ ನೋಡಿ. ಜಿಪ್ ಕೋಡ್ ಬಂದದ್ದು 1963ರಲ್ಲಿ, ಅಂಚೆ ಹಂಚುವ ಅನುಕೂಲಕ್ಕೆ. ಅದು ಕೂಲಿಯ ಮಾರುಕಟ್ಟೆಯ ಗಡಿಯಲ್ಲ, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗಡಿಯೂ ಅಲ್ಲ. ಒಂದೇ ಜಿಪ್ ಎರಡು ಕೌಂಟಿಗಳಲ್ಲಿ ಹರಡಿರಬಹುದು. ಮನೆ ಎರಡು ವಲಯಗಳ ಅಂಚಿನಲ್ಲಿದ್ದರೆ ಕೆಲಸಗಾರರು ಯಾವ ಕಡೆಯಿಂದ ಬರುತ್ತಾರೆ, ಸಾಮಾನು ಯಾವ ಊರಿನ ಅಂಗಡಿಯಿಂದ ಬರುತ್ತದೆ ಎಂದು ವಿಚಾರಿಸಿ, ಉತ್ತರವನ್ನು ಫೈಲಿನಲ್ಲಿ ಬರೆದಿಡಿ. ವಲಯವನ್ನು ಮಾತ್ರ ಕದಲಿಸಬೇಡಿ. ದೊಡ್ಡ ದರ ಬೇಕೆಂದು ಪಕ್ಕದ ನಗರದ ಲಿಸ್ಟ್ ಹಾಕುವುದು ಅಡ್ಜಸ್ಟರ್ ಕಣ್ಣಿಗೆ ಮೊದಲ ಪುಟದಲ್ಲೇ ಬೀಳುತ್ತದೆ, ಮುಂದೆ ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ.

ಹೆಜ್ಜೆ 2: ಲಿಸ್ಟಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ

ಲಿಸ್ಟಿಗೊಂದು ಕೋಡ್ ಇರುತ್ತದೆ, ಉದಾಹರಣೆಗೆ ಟಿಎಕ್ಸ್‌ಎಚ್‌ಒ8ಎಕ್ಸ್, ಕೆಳಗೆರೆ, ತಿಂಗಳು, ವರ್ಷ. ಮೊದಲೆರಡು ಅಕ್ಷರ ರಾಜ್ಯ, ಇಲ್ಲಿ ಟೆಕ್ಸಸ್. ಮುಂದಿನೆರಡು ವಲಯದ ಮುಖ್ಯ ಊರು, ಹ್ಯೂಸ್ಟನ್. ಡಲ್ಲಾಸ್ ಮತ್ತು ಫೋರ್ಟ್‌ವರ್ತ್ ಆಗಿದ್ದರೆ ಟಿಎಕ್ಸ್‌ಡಿಎಫ್ ಎಂದಿರುತ್ತಿತ್ತು, ಮಯಾಮಿಯಾದರೆ ಎಫ್‌ಎಲ್‌ಎಂಐ. ಕೊನೆಯಲ್ಲಿ ತಿಂಗಳ ಮೂರು ಅಕ್ಷರ ಮತ್ತು ವರ್ಷದ ಎರಡು ಅಂಕಿ.

ಊರು ತಪ್ಪಿದರೆ ಹೇಗಾದರೂ ಕಣ್ಣಿಗೆ ಬೀಳುತ್ತದೆ, ತಿಂಗಳು ತಪ್ಪಿದ್ದು ಬೀಳುವುದಿಲ್ಲ. ತಿಂಗಳು ಎಷ್ಟು ಮುಖ್ಯ ಎನ್ನುವುದಕ್ಕೆ 2021 ಸಾಕು. ಆ ಮೇ ತಿಂಗಳಲ್ಲಿ ಕೊಯ್ದ ಮರದ ವಾಯಿದಾ ದರ ಸಾವಿರ ಬೋರ್ಡ್ ಅಡಿಗೆ (ಮರ ಅಳೆಯುವ ಮಾನ) 1,600 ಡಾಲರ್ ದಾಟಿತ್ತು. ಆಗಸ್ಟ್ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗಿಳಿದಿತ್ತು. ಅಂಥ ವರ್ಷದಲ್ಲಿ ಮೂರು ತಿಂಗಳ ಹಳೆಯ ಲಿಸ್ಟಿನಲ್ಲಿ ಚಾವಣಿಯ ಮರಗೆಲಸ ಬರೆದರೆ ಆ ಅಂಕಿಗೆ ಅರ್ಥವೇ ಇಲ್ಲ.

ಯಾವ ತಿಂಗಳು ಹಾಕಬೇಕು? ಎಸ್ಟಿಮೇಟ್ ಬರೆಯುವ ತಿಂಗಳ ಲಿಸ್ಟ್ ಹಾಕುವುದು ವಾಡಿಕೆ. ಆದರೆ ಕೆಲವು ವಿಮಾ ಕಂಪನಿಗಳು ನಷ್ಟವಾದ ದಿನದ್ದು ಕೇಳುತ್ತವೆ. ಸವಕಳಿ ಕಳೆದು ಕೊಡುವ ಮೌಲ್ಯಕ್ಕೂ, ಹೊಸದಾಗಿ ಕಟ್ಟಲು ತಗಲುವ ವೆಚ್ಚಕ್ಕೂ ದಿನಾಂಕದ ವಾದ ಬೇರೆಬೇರೆಯಾಗಿ ಬರುತ್ತದೆ. ಪಾಲಿಸಿಯ ಮಾತು, ಆ ಕಂಪನಿಯ ಸೂಚನಾಪತ್ರ ಎರಡನ್ನೂ ಓದಿ ನಿರ್ಧರಿಸಿ. ಕರಡು ಬರೆದು ಮೂರು ವಾರ ಬಿಟ್ಟು ಕಳಿಸುತ್ತಿದ್ದರೆ ಹೊಸ ಲಿಸ್ಟ್ ಬಂದಿದೆಯೇ ನೋಡಿ ಬದಲಿಸಿ, ಆಮೇಲೆ ನೀವು ಕೈಯಾರೆ ತಿದ್ದಿದ ಸಾಲುಗಳನ್ನು ಒಂದೊಂದಾಗಿ ಮತ್ತೆ ತೆರೆದು ನೋಡಿ.

ಹೆಜ್ಜೆ 3: ಒಂದು ಸಾಲನ್ನಾದರೂ ಬಿಚ್ಚಿ ಒಳಗೆ ನೋಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹೆಜ್ಜೆ ಇದು. ಲೈನ್ ಐಟಂನ, ಅಂದರೆ ಎಸ್ಟಿಮೇಟಿನ ಒಂದು ಸಾಲಿನ, ದರ ಒಂದೇ ಅಂಕಿಯಾಗಿ ಕಾಣುತ್ತದೆ. ಅದರ ಘಟಕಗಳನ್ನು ತೆರೆದರೆ ಕೂಲಿ, ಸಾಮಾನು, ಬೇಕಾದಲ್ಲಿ ಯಂತ್ರ ಹೀಗೆ ಬಿಡಿಬಿಡಿಯಾಗಿ ಸಿಗುತ್ತವೆ. ಕೂಲಿಯ ಗಂಟೆ ದರವೂ ಬರೀ ಕೂಲಿಯಲ್ಲ. ಕೆಲಸಗಾರನ ಕೈಗೆ ಹೋಗುವ ಸಂಬಳ, ಅದರ ಮೇಲೆ ಮಾಲೀಕ ಕಟ್ಟುವ ತೆರಿಗೆ ಮತ್ತು ವಿಮೆಗಳ ಹೊರೆ, ಅದರ ಮೇಲೆ ಆ ಕಸುಬಿನವನ ಗಾಡಿ, ಉಪಕರಣ ಮುಂತಾದ ಸ್ವಂತ ಖರ್ಚು. ಊರು ಬದಲಾದಾಗ ಮೊದಲು ಅಲುಗಾಡುವುದು ಈ ಪದರಗಳೇ.

ಈ ಗಂಟೆ ದರವನ್ನು, ಗಂಟೆಗೆ ಎಷ್ಟು ಚದರಡಿ ಕೆಲಸ ಆಗುತ್ತದೆ ಎನ್ನುವ ಅಂಕಿಯಿಂದ ಭಾಗಿಸಿದರೆ ಚದರಡಿಯ ಕೂಲಿ. ಲೆಕ್ಕ ತಿಳಿಯಲೆಂದು ಹಿಡಿದ ಅಂಕಿಗಳಲ್ಲಿ ನೋಡೋಣ. ಗಂಟೆ ದರ 70 ಡಾಲರ್, ಗಂಟೆಗೆ 40 ಚದರಡಿ ಡ್ರೈವಾಲ್ ಆಗುತ್ತದೆ ಎಂದಾದರೆ ಕೂಲಿ 1.75. ಸಾಮಾನು 0.65 ಸೇರಿಸಿದರೆ ಚದರಡಿಗೆ 2.40 ಡಾಲರ್.

ಈಗ ಮನೆ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್ ಎಂದುಕೊಳ್ಳಿ. ಸಾಮಾನಿನ ಲಿಫ್ಟ್ ಒಂದೇ, ಅದನ್ನು ಮೊದಲೇ ಕಾದಿರಿಸಬೇಕು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಕೆಲಸ ಮಾಡಬಹುದು. ಗಂಟೆಗೆ 40ರ ಬದಲು 28 ಚದರಡಿ ಆಗುತ್ತದೆ. ಕೂಲಿ 2.50, ದರ 3.15. ಲಿಸ್ಟಿನ ದರ ಒಂದು ಚದರಡಿಗೆ ಮುಕ್ಕಾಲು ಡಾಲರ್ ಕಮ್ಮಿ ಬಿತ್ತು. 1,200 ಚದರಡಿಗೆ ಅದು 900 ಡಾಲರ್. ಗಮನಿಸಿ, ಇಲ್ಲಿ ಊರಿನ ಕೂಲಿ ದರ ತಪ್ಪಿಲ್ಲ, ಸಾಮಾನಿನ ಬೆಲೆಯೂ ತಪ್ಪಿಲ್ಲ, ವೇಗ ಮಾತ್ರ ಬೇರೆ. "ಈ ಏರಿಯಾದಲ್ಲಿ ಈ ದರಕ್ಕೆ ಯಾರೂ ಮಾಡಲ್ಲ" ಎನ್ನುವ ವಾದ ಸೋಲುವುದು ಇಲ್ಲೇ, ಯಾವ ಪದರ ಹೊಂದುತ್ತಿಲ್ಲ ಎಂದು ಬೆರಳಿಟ್ಟು ತೋರಿಸದೆ ಇದ್ದಾಗ.

ದೂರದಲ್ಲಿ ಕೂತು, ಮನೆಯನ್ನು ಕಣ್ಣಾರೆ ನೋಡದೆ ಎಸ್ಟಿಮೇಟ್ ಬರೆಯುವವರು ಫೋಟೋ ಕೇಳುವಾಗ ಹಾನಿಯದ್ದಷ್ಟೇ ಕೇಳಬೇಡಿ. ಮನೆ ಮುಂದಿನ ರಸ್ತೆ, ಗಾಡಿ ನಿಲ್ಲಿಸುವ ಜಾಗ, ಮೆಟ್ಟಿಲು, ಲಿಫ್ಟ್, ಚಾವಣಿಯ ಇಳಿಜಾರು, ಇವುಗಳದ್ದೂ ಕೇಳಿ. ದರ ಎಲ್ಲಿ ಹೊಂದುವುದಿಲ್ಲ ಎಂದು ಹೇಳುವುದು ಆ ಫೋಟೋಗಳೇ.

ಇದೇ ಹೆಜ್ಜೆಯಲ್ಲಿ ಎರಡು ಸೆಟ್ಟಿಂಗ್ ನೋಡಿ. ಒಂದು ಕೂಲಿಯ ದಕ್ಷತೆಯದು, ರಿಪೇರಿ ಕೆಲಸವೋ ಹೊಸ ಕಟ್ಟಡವೋ ಎಂದು. ಖಾಲಿ ಜಾಗದಲ್ಲಿ ಇಡೀ ಮನೆಗೆ ಒಟ್ಟಿಗೆ ಡ್ರೈವಾಲ್ ಹೊಡೆಯುವುದಕ್ಕೂ, ಜನ ವಾಸವಿರುವ ಮನೆಯಲ್ಲಿ ಸಾಮಾನು ಮುಚ್ಚಿ, ಧೂಳು ತಡೆದು, ಒಂದು ಗೋಡೆ ಸರಿಪಡಿಸುವುದಕ್ಕೂ ವೇಗ ಒಂದೇ ಅಲ್ಲ. ಪೂರ್ತಿ ಸುಟ್ಟು ಬುಡದಿಂದ ಕಟ್ಟುವ ಮನೆಗೆ ಹೊಸ ಕಟ್ಟಡ ಎಂದಿರುವುದು ನ್ಯಾಯ. ಉಳಿದೆಡೆ ಈ ಒಂದು ಸೆಟ್ಟಿಂಗ್ ತಪ್ಪಿದರೆ ಎಲ್ಲ ಸಾಲಿನ ಕೂಲಿಯೂ ಸದ್ದಿಲ್ಲದೆ ಇಳಿಯುತ್ತದೆ. ಇನ್ನೊಂದು, ಎಷ್ಟೇ ಚಿಕ್ಕ ಕೆಲಸಕ್ಕೂ ಆ ಕಸುಬಿಗೆ ಹಿಡಿಯುವ ಕನಿಷ್ಠ ಕೂಲಿ. ಹತ್ತು ಚದರಡಿ ತೇಪೆಗೂ ಕೆಲಸಗಾರ ಗಾಡಿ ಓಡಿಸಿಕೊಂಡು ಬರಬೇಕು, ಪುಟ್ಟಿ ಒಣಗಿದ ಮೇಲೆ ಮತ್ತೆ ಬರಬೇಕು. ಆಯಾ ಕಸುಬಿನ ಮೊತ್ತ ಕನಿಷ್ಠಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸ ಸೇರಿದೆಯೇ ನೋಡಿ.

ಹೆಜ್ಜೆ 4: ತೆರಿಗೆ

ಮಾರಾಟ ತೆರಿಗೆ ಪ್ರೈಸ್ ಲಿಸ್ಟಿನ ವಲಯಕ್ಕೆ ಅಂಟಿಕೊಂಡಿಲ್ಲ, ಕಾನೂನಿನ ಗಡಿಗೆ ಅಂಟಿಕೊಂಡಿದೆ. ಟೆಕ್ಸಸ್‌ನಲ್ಲಿ ರಾಜ್ಯದ ದರ ಶೇ. 6.25, ಸ್ಥಳೀಯ ಸಂಸ್ಥೆಗಳು ಅದರ ಮೇಲೆ ಶೇ. 2ರವರೆಗೆ ಹಾಕಬಹುದು. ಹ್ಯೂಸ್ಟನ್ ಎಂದೇ ಅಂಚೆ ವಿಳಾಸ ಇರುವ ಎಷ್ಟೋ ಮನೆಗಳು ನಗರದ ಎಲ್ಲೆಯ ಹೊರಗಿವೆ. ವಿಳಾಸ ಹಾಕಿದರೆ ದರ ತೋರಿಸುವ ಸೌಲಭ್ಯ ಆ ರಾಜ್ಯದ ತೆರಿಗೆ ಇಲಾಖೆಯ ತಾಣದಲ್ಲೇ ಇದೆ, ಅಲ್ಲಿ ನೋಡಿ. ಆರೆಗನ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಡೆಲವೇರ್ ರಾಜ್ಯಗಳಲ್ಲಿ ರಾಜ್ಯ ಮಾರಾಟ ತೆರಿಗೆಯೇ ಇಲ್ಲ. ಕೆನಡಾದಲ್ಲಿ ಆಲ್ಬರ್ಟಾ ಪ್ರಾಂತ್ಯದಲ್ಲಿ ಶೇ. 5, ಒಂಟಾರಿಯೊದಲ್ಲಿ ಶೇ. 13.

ದರದಷ್ಟೇ ಮುಖ್ಯ, ತೆರಿಗೆ ಯಾವುದರ ಮೇಲೆ ಎನ್ನುವುದು. ಟೆಕ್ಸಸ್‌ನಲ್ಲಿ ವಾಣಿಜ್ಯ ಕಟ್ಟಡದ ರಿಪೇರಿಯಾದರೆ ಕೂಲಿಗೂ ತೆರಿಗೆ ಬೀಳುತ್ತದೆ, ವಾಸದ ಮನೆಯ ರಿಪೇರಿ ಕೂಲಿಗೆ ಬೀಳುವುದಿಲ್ಲ. ಅಂಗಡಿಯ ಎಸ್ಟಿಮೇಟನ್ನು ಮನೆಯ ಟೆಂಪ್ಲೇಟಿನಲ್ಲಿ ಬರೆದರೆ ಸಾವಿರಗಟ್ಟಲೆ ಡಾಲರ್ ಬಿಟ್ಟುಹೋಗಬಹುದು.

ಹೆಜ್ಜೆ 5: ಲಿಸ್ಟಿನಲ್ಲಿ ಇಲ್ಲದ್ದನ್ನು ಹುಡುಕಿ

ಲೈನ್ ಐಟಂನ ದರದೊಳಗೆ ಮುಖ್ಯ ಕಾಂಟ್ರ್ಯಾಕ್ಟರನ ಓವರ್‌ಹೆಡ್ ಮತ್ತು ಪ್ರಾಫಿಟ್ ಇಲ್ಲ. ಅದನ್ನು ಕೊನೆಯಲ್ಲಿ ಸೇರಿಸಬೇಕು. ರೂಢಿಯಲ್ಲಿ ಓವರ್‌ಹೆಡ್ (ವ್ಯಾಪಾರ ನಡೆಸುವ ಸಾಮಾನ್ಯ ಖರ್ಚು) ಶೇ. 10, ಪ್ರಾಫಿಟ್ (ಲಾಭ) ಶೇ. 10. ಎರಡನ್ನೂ ಮೂಲ ಮೊತ್ತದ ಮೇಲೆ ಹಾಕಿದರೆ ಶೇ. 20, ಓವರ್‌ಹೆಡ್ ಸೇರಿದ ಮೊತ್ತದ ಮೇಲೆ ಪ್ರಾಫಿಟ್ ಹಾಕಿದರೆ ಶೇ. 21. ಯಾವುದು ಎಂದು ಸೆಟ್ಟಿಂಗಿನಲ್ಲಿ ನೋಡಿಕೊಳ್ಳಿ.

ಜನ ಬೆರೆಸಿಬಿಡುವುದು ಇನ್ನೊಂದನ್ನು. ಆಫೀಸ್ ಬಾಡಿಗೆ, ಲೆಕ್ಕಿಗರ ಸಂಬಳ ಓವರ್‌ಹೆಡ್. ಈ ಕೆಲಸಕ್ಕೆಂದೇ ಆಗುವ ಪರ್ಮಿಟ್ ಶುಲ್ಕ, ತಾತ್ಕಾಲಿಕ ವಿದ್ಯುತ್ತು, ಕಸದ ಡಂಪ್‌ಸ್ಟರ್, ಸೈಟ್ ಮೇಲ್ವಿಚಾರಕರ ಗಂಟೆಗಳು, ನಗರದ ನಡುವೆ ಗಾಡಿ ನಿಲ್ಲಿಸುವ ಶುಲ್ಕ ಓವರ್‌ಹೆಡ್ ಅಲ್ಲ. ಅವು ಕೆಲಸದ ಖರ್ಚು, ಒಂದೊಂದಕ್ಕೂ ಸ್ವಂತ ಸಾಲು ಬೇಕು. ಊರಿನಿಂದ ಊರಿಗೆ ಅತಿ ಹೆಚ್ಚು ಬದಲಾಗುವುದೂ ಇವೇ. ಗುಡ್ಡದ ಮೇಲಿನ ಊರಿಗೆ ಸಾಮಾನು ಎರಡು ಗಂಟೆ ದೂರದಿಂದ ಬರಬೇಕಾದರೆ ಆ ಸಾಗಣೆಯನ್ನು ದರದೊಳಗೆ ತುರುಕಬೇಡಿ, ಬೇರೆ ಸಾಲಾಗಿ ಬರೆಯಿರಿ. ಬೇರೆಯಾಗಿ ಕಂಡದ್ದನ್ನು ಅಡ್ಜಸ್ಟರ್ ಒಪ್ಪುತ್ತಾರೆ, ಅಡಗಿಸಿದ್ದನ್ನು ಕತ್ತರಿಸುತ್ತಾರೆ.

ಹೆಜ್ಜೆ 6: ಹೊರಗಿನ ದರದ ಜೊತೆ ತಾಳೆ ನೋಡಿ, ಪದರದಲ್ಲೇ ತಿದ್ದಿ

ಎಲ್ಲ ಸಾಲನ್ನೂ ಪರೀಕ್ಷಿಸಲು ಆಗುವುದಿಲ್ಲ. ಮೊತ್ತದ ಕ್ರಮದಲ್ಲಿ ಜೋಡಿಸಿ ಮೇಲಿನ ಐದಾರು ಸಾಲು ತೆಗೆದುಕೊಳ್ಳಿ. ಚಾವಣಿ, ಅಡುಗೆಮನೆ ಕಪಾಟು, ನೆಲಹಾಸು, ಡ್ರೈವಾಲ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಇವುಗಳಿಗೆ ಆ ಊರಿನ ಕಾಂಟ್ರ್ಯಾಕ್ಟರುಗಳಿಂದ, ಸಾಮಾನಿನವರಿಂದ ದಿನಾಂಕ ಸಹಿತ ಲಿಖಿತ ದರ ತರಿಸಿ. ಸಂಬಳದ ಅಂದಾಜಿಗೆ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮಹಾನಗರವಾರು, ಕಸುಬುವಾರು ಹೊರಡಿಸುವ ವಾರ್ಷಿಕ ಅಂಕಿಗಳಿವೆ. ಅವು ಕೈಗೆ ಬರುವ ಸಂಬಳ ಮಾತ್ರ, ಹೊರೆ ಸೇರಿಲ್ಲ ಎನ್ನುವುದು ನೆನಪಿರಲಿ. ಆರ್‌ಎಸ್ ಮೀನ್ಸ್‌ನ (ನಿರ್ಮಾಣ ವೆಚ್ಚದ ಅಂಕಿಗಳ ಪ್ರಕಟಣೆ) ನಗರ ವೆಚ್ಚ ಸೂಚ್ಯಂಕ ದೇಶದ ಸರಾಸರಿಯನ್ನು 100 ಎಂದಿಟ್ಟು ಒಂದೊಂದು ಊರನ್ನು ಅಳೆಯುತ್ತದೆ. ಎರಡು ಊರನ್ನು ಹೋಲಿಸಲು ಅದು ಒಳ್ಳೆಯ ಎರಡನೇ ಸಾಕ್ಷಿ.

ವ್ಯತ್ಯಾಸ ಕಂಡರೆ ಒಟ್ಟು ದರವನ್ನು ಅಳಿಸಿ ಹೊಸ ಅಂಕಿ ಬರೆಯಬೇಡಿ. ಸಾಮಾನಿನ ಬೆಲೆ ಏರಿದ್ದರೆ ಸಾಮಾನಿನ ಘಟಕ ತಿದ್ದಿ, ವೇಗ ಕಡಿಮೆಯಿದ್ದರೆ ವೇಗ ತಿದ್ದಿ. ತಿದ್ದಿದ ಪ್ರತಿ ಸಾಲಿಗೂ ನೋಟ್ ಹಾಕಿ. ಈ ಕಸುಬಿನಲ್ಲಿ ಎಲ್ಲರೂ ಎಫ್9 ನೋಟ್ (ಕೀಬೋರ್ಡಿನ ಎಫ್9 ಕೀಲಿಯ ಹೆಸರು) ಎನ್ನುವುದು ಇದನ್ನೇ. ನನ್ನ ನೋಟ್ ಹೀಗಿರುತ್ತದೆ: "ಕಟ್ಟಡದ 14ನೇ ಮಹಡಿ. ಸಾಮಾನಿನ ಲಿಫ್ಟ್ ಒಂದೇ, ಕೆಲಸದ ವೇಳೆ 9ರಿಂದ 4 (ಸಂಘದ ನಿಯಮ, ಲಗತ್ತು 3). ಗಂಟೆಗೆ 40ರ ಬದಲು 28 ಚದರಡಿ. ಕೂಲಿಯ ಗಂಟೆ ದರ, ಸಾಮಾನಿನ ಬೆಲೆ ಲಿಸ್ಟಿನಂತೆಯೇ ಇವೆ." ಕೊನೆಯ ವಾಕ್ಯ ಬಿಡಬೇಡಿ. ಏನನ್ನು ಬದಲಿಸಿಲ್ಲ ಎಂದು ಹೇಳಿದಾಗ ಬದಲಿಸಿದ್ದರ ಬಗ್ಗೆ ನಂಬಿಕೆ ಹುಟ್ಟುತ್ತದೆ. "ಲಿಸ್ಟ್ ದರ ಬಿಟ್ಟು ಬೇರೆ ಕೊಡಲು ಬರುವುದಿಲ್ಲ" ಎನ್ನುವ ಅಡ್ಜಸ್ಟರ್‌ಗೂ ಇದೇ ಉತ್ತರ. ತಿದ್ದುವ ದಾರಿಯನ್ನು ಸಾಫ್ಟ್‌ವೇರೇ ಇಟ್ಟಿದೆ.

ವಲಯದ ಲಿಸ್ಟೇ ಹಿಂದೆ ಬಿದ್ದಿದೆ ಎನಿಸಿದರೆ ದಾಖಲೆಯನ್ನು ದರ ತಯಾರಿಸುವ ವಿಭಾಗಕ್ಕೂ ಕಳಿಸಿ. ಹೊರಗಿನಿಂದ ಬಂದ ದರದ ಮಾಹಿತಿಯನ್ನು ವೆರಿಸ್ಕ್ ಸ್ವೀಕರಿಸುತ್ತದೆ.

ಹೆಜ್ಜೆ 7: ದೊಡ್ಡ ವಿಪತ್ತಿನ ನಂತರ

2005ರ ಕತ್ರಿನಾ ಚಂಡಮಾರುತವಿರಲಿ, 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಕಾಡ್ಗಿಚ್ಚಿರಲಿ, ಒಂದೇ ವಾರದಲ್ಲಿ ಸಾವಿರಾರು ಮನೆ ಹಾಳಾದಾಗ ಕೆಲಸಗಾರರಿಗೆ ಬರ ಬರುತ್ತದೆ, ದರ ಮೇಲೇರುತ್ತದೆ. ಲಿಸ್ಟ್ ಹುಟ್ಟುವುದು ಆಗಲೇ ನಡೆದ ವ್ಯವಹಾರದಿಂದ. ಆದ್ದರಿಂದ ಅದು ಬೀದಿಯ ದರದ ಹಿಂದೆ ಹಿಂದೆಯೇ ನಡೆಯುತ್ತದೆ. ಇಂಥ ಹೊತ್ತಲ್ಲಿ ತಿಂಗಳ ನಡುವೆಯೂ ಹೊಸ ಲಿಸ್ಟ್ ಬರಬಹುದು, ಕಳಿಸುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಬೇರೆ ರಾಜ್ಯದಿಂದ ಬಂದ ತಂಡದ ಪ್ರಯಾಣ, ವಸತಿ ಬೇರೆ ಸಾಲುಗಳಾಗಲಿ.

ಕಾನೂನೂ ಇಲ್ಲಿ ಕೈ ಹಾಕುತ್ತದೆ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ ಸೆಕ್ಷನ್ 396 ಪ್ರಕಾರ ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ದರವನ್ನು ಹಿಂದಿದ್ದದ್ದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ರಿಪೇರಿ ಮತ್ತು ಮರುನಿರ್ಮಾಣ ಸೇವೆಗಳಿಗೆ ಇದು 180 ದಿನ ಅನ್ವಯ, ಮುಂದುವರಿಸಲೂಬಹುದು. ಸಾಮಾನು, ಕೂಲಿಯ ಖರ್ಚೇ ಏರಿದ್ದರಿಂದ ದರ ಏರಿತು ಎಂದು ತೋರಿಸಿದರೆ ವಿನಾಯಿತಿ ಇದೆ. ತೋರಿಸುವುದು ಹೇಗೆ? ಹೆಜ್ಜೆ 6ರಲ್ಲಿ ಕೂಡಿಸಿಟ್ಟ ರಸೀದಿಗಳಿಂದ.

ಕೇಂದ್ರ ಸರ್ಕಾರದ ಹಣದಲ್ಲಿ ಸಾರ್ವಜನಿಕ ಕಟ್ಟಡ ಸರಿಪಡಿಸುವಾಗ 1931ರ ಡೇವಿಸ್-ಬೇಕನ್ ಕಾಯ್ದೆ ಅನ್ವಯಿಸುತ್ತದೆಯೇ ನೋಡಿ. ಅದರಡಿ 2,000 ಡಾಲರ್ ಮೀರಿದ ಗುತ್ತಿಗೆಗಳಿಗೆ ಸರ್ಕಾರ ನಿಗದಿ ಮಾಡಿದ ಸ್ಥಳೀಯ ಕೂಲಿ ಕೊಡಲೇಬೇಕು, ಆಗ ಲಿಸ್ಟಿನ ಕೂಲಿ ಸಾಲದೆ ಹೋಗಬಹುದು.

ಹೆಜ್ಜೆ 8: ಸಪ್ಲಿಮೆಂಟ್ (ಪೂರಕ ಎಸ್ಟಿಮೇಟ್) ಬಂದಾಗ

ಮಾರ್ಚಿನಲ್ಲಿ ಒಪ್ಪಿಗೆಯಾದ ಎಸ್ಟಿಮೇಟ್. ಜುಲೈನಲ್ಲಿ ಗೋಡೆ ಬಿಚ್ಚಿದಾಗ ಒಳಗಿನ ಮರ ಕೊಳೆತದ್ದು ಕಾಣಿಸಿತು. ಇಡೀ ಎಸ್ಟಿಮೇಟನ್ನು ಜುಲೈ ಲಿಸ್ಟಿಗೆ ಎಳೆದರೆ ಆಗಲೇ ಮುಗಿದು ಹಣ ಪಾವತಿಯಾದ ಕೆಲಸದ ದರವೂ ಬದಲಾಗಿ, ಅಡ್ಜಸ್ಟರ್ ಎರಡು ಪ್ರತಿ ಹಿಡಿದು ಸಾಲು ಸಾಲು ಹೋಲಿಸುತ್ತಾ ಕೂರಬೇಕಾಗುತ್ತದೆ. ಮಾರ್ಚಿನದನ್ನು ಮಾರ್ಚಿನ ಲಿಸ್ಟಿನಲ್ಲೇ ಬಿಡಿ. ಹೊಸದಾಗಿ ಸಿಕ್ಕ ಹಾನಿಯನ್ನು ಜುಲೈ ಲಿಸ್ಟಿನಲ್ಲಿ ಪ್ರತ್ಯೇಕ ಸಪ್ಲಿಮೆಂಟ್ ಆಗಿ ಬರೆಯಿರಿ. ಹಳೆಯ ಸಾಲುಗಳಲ್ಲಿ ಇನ್ನೂ ಶುರುವಾಗದ ಕೆಲಸವಿದ್ದು, ಅದರ ಸಾಮಾನಿನ ಬೆಲೆ ಈ ನಡುವೆ ಏರಿದ್ದರೆ, ತಡವಾದದ್ದು ಯಾರ ಒಪ್ಪಿಗೆಗೆ ಕಾದು ಎಂಬುದನ್ನು ದಿನಾಂಕಗಳ ಸಮೇತ ಮೊದಲ ಪುಟದಲ್ಲಿ ಬರೆದು, ಆ ಸಾಲುಗಳಿಗೆ ಮಾತ್ರ ಹೊಸ ದರ ಕೇಳಿ, ಅಂಗಡಿಯ ಹೊಸ ಕೊಟೇಶನ್ ಲಗತ್ತಿಸಿ.